ಬಿದ್ದ ಕವಡೆ ಮುಟ್ಟಬಾರದು

ಚಹಾದ ಗ್ಲಾಸನ್ನು ಮೇಜಿನ ಮೇಲೆ ಇಟ್ಟೆನೆಂದುಕೊಂಡರು ಡ್ರಾಯಿಂಗ್ ಸರ್. ಮೇಜಿನ ಅಂಚು ಇನ್ನೂ ನಾಲ್ಕು ಬೆರಳು ಆಚೆಗಿತ್ತು. ಗ್ಲಾಸು ನೆಲಕ್ಕೆ ಬಿದ್ದು ಚೂರಾಯಿತು, ಚಹಾ ನನ್ನ ಪ್ರಿಂಟರಿನ ವೈರಿನ ತನಕ ಹರಿಯಿತು. ನಾನು ಮೊದಲೇ ಸಿಡುಕಿ. "ನೋಡಿ ಇಡಬಾರದೇನ್ರಿ ಸರ್?" ಎಂದುಬಿಟ್ಟೆ.

"ನೋಡೇ ಇಟ್ಟೇನ್ರಿ ಬಾಯಾರ," ಎಂದರು ಅವರು. ಅಕ್ಷರ ಬಲ್ಲ ಹೆಂಗಸರನ್ನು ನಮ್ಮ ಕಡೆ ಹಾಗೇ ಕರೆಯುತ್ತಾರೆ.

ಸಿಂದಗಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಆಗ ನನ್ನದೊಂದು ಡಿಟಿಪಿ ಅಂಗಡಿಯಿತ್ತು. ಮದುವೆ ಕಾರ್ಡು, ಶಾಲೆಗಳ ಪ್ರಶ್ನೆಪತ್ರಿಕೆ, ಶ್ರದ್ಧಾಂಜಲಿಯ ಕರಪತ್ರ ಎಲ್ಲ ಅಲ್ಲೇ ಟೈಪ್ ಆಗುತ್ತಿದ್ದವು. ಇಸವಿ ಎರಡು ಸಾವಿರ ದಾಟಿ ಒಂದೆರಡು ವರ್ಷವಾಗಿರಬೇಕು. ಆ ಮಧ್ಯಾಹ್ನ ನಾವು ಮೂವರು ಸೇರಿದ್ದು ನಾವೇ ಕಟ್ಟಿ ಅಚ್ಚು ಮಾಡಿಸಿದ್ದ ಒಂದು ಆಟಕ್ಕೆ ಮುಂದಿನ ಪುಸ್ತಕ ಯಾವುದು ಬೇಕೆಂದು ತೀರ್ಮಾನಿಸಲು. ಸರ್ ಬಸವನ ಬಾಗೇವಾಡಿಯ ಹೈಸ್ಕೂಲೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದರು. ಆಟದ ಚಿತ್ರಗಳೆಲ್ಲ ಅವರವು, ನಿಯಮ ಬರೆಯುವುದು ನನ್ನ ಪಾಲು. ಮೂರನೆಯವರು ಇಂಡಿ ಪಟ್ಟಣದ ಪುಸ್ತಕದಂಗಡಿಯ ಚಾಚಾ. ಮೊದಲ ಪುಸ್ತಕಕ್ಕೆ ಕಾಗದ ಕೊಟ್ಟವರು, ಮಾರಿದವರು, ತಡವಾಯಿತೆಂದು ಬೈದವರು ಎಲ್ಲ ಅವರೇ.

ಚೂರುಗಳನ್ನು ಆರಿಸುತ್ತಿದ್ದಾಗ ಸರ್ ಹೇಳಿದರು. ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪರದೆಗೆ ಇಳಿದಿತ್ತು. ಬಲಗಣ್ಣು ಆಗಲೇ ಹೋಗಿತ್ತು, ನಮಗೆ ಯಾರಿಗೂ ಗೊತ್ತಿರಲಿಲ್ಲ. ಎಡಗಣ್ಣು ಮಳೆಗಾಲದ ತನಕ ಉಳಿದರೆ ದೊಡ್ಡದು ಎಂದು ಸೊಲ್ಲಾಪುರದ ವೈದ್ಯರು ಹೇಳಿದ್ದರು. ಚಾಚಾ ಗಡ್ಡ ನೀವಿಕೊಂಡರು.

"ಮಾಸ್ತರ, ಸುಳ್ಳ ಹೇಳೂದಿಲ್ಲ. ನನ್ನ ಕಡೆ ಒಂದ ಪುಸ್ತಕಕ್ಕಾಗೂವಷ್ಟ ಕಾಗದ ಐತಿ. ಎರಡನೇದು ಯಾವಾಗ ಆಗತೈತೋ ಅಲ್ಲಾಗೇ ಗೊತ್ತು. ಯಾವುದು ಅಂತ ನೀವಿಬ್ಬರೂ ಕೂಡಿ ಹೇಳ್ರಿ."

ಆಟದ ಹೆಸರು 'ಹುಡೇವು'. ನಮ್ಮ ಕಡೆಯ ಹಳ್ಳಿಗಳ ನಡುವೆ ನಿಂತಿರುವ ದುಂಡನೆಯ ಕಾವಲು ಗೋಪುರಕ್ಕೆ ಹುಡೇವು ಎನ್ನುತ್ತೇವೆ. ನನ್ನ ತಮ್ಮ ಪುಣೆಯ ಹಾಸ್ಟೆಲಿನಿಂದ ಇಂಥದೊಂದು ಆಟದ ಇಂಗ್ಲಿಷ್ ಪುಸ್ತಕ ತಂದಿದ್ದ. ನಾಲ್ಕೈದು ಮಂದಿ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗುವುದು, ಒಬ್ಬರು ಕಥೆ ನಡೆಸುವುದು, ಮಾಡಹೊರಟ ಕೆಲಸ ಆಯಿತೋ ಇಲ್ಲವೋ ಎಂಬುದನ್ನು ದಾಳ ಹೇಳುವುದು. ಓದುತ್ತಿದ್ದಂತೆ ನನಗೆ ಇದು ಬಣ್ಣ ಬಳಿದುಕೊಳ್ಳದ ದೊಡ್ಡಾಟ ಎನ್ನಿಸಿತ್ತು. ದೊಡ್ಡಾಟದಲ್ಲಿ ರಂಗಕ್ಕೆ ಬಂದ ಪ್ರತಿ ವೇಷವನ್ನೂ ಸಾರಥಿ ತಡೆದು ನೀವು ಯಾರು, ಎಲ್ಲಿಂದ ಬಂದಿರಿ ಎಂದು ಕೇಳುತ್ತಾನೆ. ನಾವೂ ಕಥೆ ನಡೆಸುವವರನ್ನು ಸಾರಥಿ ಎಂದೆವು, ಪಾತ್ರವನ್ನು ವೇಷ ಎಂದೆವು. ದಾಳದ ಬದಲು ಆರು ಕವಡೆ. ಎಷ್ಟು ಕವಡೆ ಬಾಯಿ ಮೇಲಾಗಿ ಬೀಳುತ್ತವೋ ಅಷ್ಟು ಅಂಕ.

ನಿಯಮಗಳಲ್ಲಿ ಸರ್ ಹಟ ಹಿಡಿದು ಸೇರಿಸಿದ್ದು ಒಂದೇ. ಬಿದ್ದ ಕವಡೆಯನ್ನು ಎಣಿಸುವ ಮುಂಚೆ ಯಾರೂ ಮುಟ್ಟಬಾರದು, ಮುಟ್ಟಿದವರ ವೇಷ ಅಲ್ಲಿಗೇ ಮುಗಿಯಿತು. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಅದನ್ನು ಹಾಕಿಸಿದ್ದರು. ಚಿಕ್ಕಂದಿನಲ್ಲಿ ಚೌಕಾಬಾರ ಆಡುವಾಗ ಅವರ ಅಕ್ಕ ಸೆರಗಿನ ಮರೆಯಲ್ಲಿ ಬೆರಳಿಂದ ಕವಡೆ ಹೊರಳಿಸಿ ಗೆಲ್ಲುತ್ತಿದ್ದರಂತೆ. ಐವತ್ತು ದಾಟಿದರೂ ಆ ಸಿಟ್ಟು ಇಳಿದಿರಲಿಲ್ಲ.

ಮೂಲ ಪುಸ್ತಕವೊಂದು ಬಂದ ಮೇಲೆ ಇಂಥ ಆಟಕ್ಕೆ ಸೇರ್ಪಡೆ ಮಾಡಬಹುದಾದ ಪುಸ್ತಕಗಳು ಎಷ್ಟು ಸುತ್ತಿಬಳಸಿದರೂ ನಾಲ್ಕೇ ಬಗೆಯವು. ಹೊಸ ವೇಷಗಳ ಪುಸ್ತಕ, ದೆವ್ವ-ಮೃಗಗಳ ಪುಸ್ತಕ, ನಕಾಶೆ ಸಮೇತ ಒಂದು ಊರಿನ ಪುಸ್ತಕ, ಹಾಗೇ ತೆರೆದು ಆಡಿಸಬಹುದಾದ ಸಿದ್ಧ ಕಥೆಗಳ ಪುಸ್ತಕ. ಸರ್‌ಗೆ ಯಾವುದು ಬೇಕೆಂದು ಕೇಳುವ ಅಗತ್ಯವೇ ಇರಲಿಲ್ಲ. ಅವರದು ಕೊಲ್ಹಾರ. ಹಳೆಯ ಊರು ಕೃಷ್ಣೆಯ ಹಿನ್ನೀರಿನಡಿ ಹೋಗಿ, ಜನ ಬಾಗಿಲು ಚೌಕಟ್ಟು ಕಿತ್ತುಕೊಂಡು ಎತ್ತರದ ಹೊಸ ಊರಿಗೆ ಬಂದಿದ್ದರು. ಮುಳುಗಿದ ಆ ಊರನ್ನು ಓಣಿ ಓಣಿಯಾಗಿ ನೆನಪಿನಿಂದಲೇ ಅವರು ಬಿಡಿಸತೊಡಗಿದ್ದರು. ಕಣ್ಣು ಹೋಗುವ ಮುಂಚೆ ಅದೊಂದು ಅಚ್ಚಾಗಬೇಕು. ಅವರ ಆಸೆ ಅಷ್ಟೇ, ನಾನು ತೀರ್ಮಾನಿಸಬೇಕಾದದ್ದೂ ಅದನ್ನೇ.

ಕನಿಕರಕ್ಕೆ ಪುಸ್ತಕ ಮಾಡುವವಳಲ್ಲ ನಾನು. ನಾಲ್ಕನ್ನೂ ಆಡಿಸಿ ನೋಡಿಯೇ ಹೇಳುತ್ತೇನೆ ಎಂದೆ. ಸರ್ ಒಪ್ಪಿದರು.

ಮೊದಲು ಇಂಡಿಯಲ್ಲಿ ಹೊಸ ವೇಷಗಳನ್ನು ಆಡಿಸಿದೆ. ಅಲ್ಲಿಯ ಗುಂಪಿನಲ್ಲಿ ಇಬ್ಬರು ಲಿಂಬೆಹಣ್ಣಿನ ದಲಾಲರು, ಒಬ್ಬ ವಕೀಲರು, ಒಬ್ಬ ಕಂಪೌಂಡರ್. ಟೈಪ್ ಮಾಡಿದ ಹಾಳೆಗಳನ್ನು ಹಂಚಿದ್ದೇ ತಡ, ವಕೀಲರು ಸತ್ತರೂ ಎದ್ದುಬರುವ ಮಾಂತ್ರಿಕನನ್ನು ಹಿಡಿದುಕೊಂಡರು. ದಲಾಲರಲ್ಲಿ ಒಬ್ಬರಿಗೆ ಗೋಡೆ ದಾಟುವ ಕಳ್ಳ, ಇನ್ನೊಬ್ಬರಿಗೆ ಆ ಕಳ್ಳನನ್ನು ವಾಸನೆಯಿಂದಲೇ ಹಿಡಿಯುವ ತಳವಾರ. ಒಬ್ಬರಿಗೆ ಒಬ್ಬರು ಬೇಕಾಗಲೇ ಇಲ್ಲ. ಹಳೆಯ ಪುಸ್ತಕದ ವೈದ್ಯನ ವೇಷ ಹಾಕಿದ್ದ ಕಂಪೌಂಡರ್ ಗಾಯಗೊಂಡವರೇ ಸಿಗದೆ ಮೂಲೆಯಲ್ಲಿ ಶೇಂಗಾ ಸುಲಿದು ತಿನ್ನುತ್ತ ಕೂತರು. ಆ ಪುಸ್ತಕವನ್ನು ಅಲ್ಲೇ ಕೈಬಿಟ್ಟೆ.

ದೆವ್ವಗಳ ಪುಸ್ತಕವನ್ನು ನಮ್ಮ ಸಿಂದಗಿಯ ಗುಂಪಿನಲ್ಲೇ ಆಡಿಸಿದೆ. ಸರ್ ಹಳೆಯ ಬಾವಿಯ ಬೆಂತರದ ಚಿತ್ರವನ್ನು ಅದೆಷ್ಟು ಚೆನ್ನಾಗಿ ಬರೆದಿದ್ದರೆಂದರೆ ಎಲ್ಲರೂ ಹಾಳೆಯನ್ನು ಕೈಯಿಂದ ಕೈಗೆ ದಾಟಿಸಿ ಹೊಗಳಿದರು. ಹೊಗಳಿದ ಮೇಲೆ ಯಾರೂ ಹೆದರಲಿಲ್ಲ. ಚಾಚಾ ಮಾತ್ರ ಚಿತ್ರ ನೋಡಿ ಜನ ಕೊಳ್ಳುತ್ತಾರೆ ಎಂದು ಕೊನೆಯವರೆಗೂ ಇದರ ಪರವೇ ಇದ್ದರು.

ಸಿದ್ಧ ಕಥೆಗಳನ್ನು ಹಿಡಿದು ಮುದ್ದೇಬಿಹಾಳಕ್ಕೆ ಹೋದಾಗ ಅಲ್ಲಿ ಆಟವೇ ನಿಂತುಹೋಗಿತ್ತು. ಅಲ್ಲಿಯ ಸಾರಥಿ ಸರ್ಕಾರಿ ಆಸ್ಪತ್ರೆಯ ನರ್ಸ್ ಒಬ್ಬರು. ವರ್ಗವಾಗಿ ದೂರ ಹೋಗಿದ್ದರು. ಉಳಿದವರು ಮೆಡಿಕಲ್ ಅಂಗಡಿಯ ಮಹಡಿಯ ಮೇಲೆ ಭಾನುವಾರ ಸೇರುತ್ತಲೇ ಇದ್ದರು. ಕವಡೆ ಇತ್ತು, ಪುಸ್ತಕ ಇತ್ತು, ಆಡಿಸುವವರಿಲ್ಲ.

"ಕುಂದರತೇವ್ರಿ, ಚಾ ಕುಡೀತೇವಿ, ಹೋಗತೇವಿ," ಎಂದರು ಮೆಡಿಕಲ್ ಅಂಗಡಿಯವರು. "ನಿಮ್ಮ ಪುಸ್ತಕದಾಗ ಹೆಂಗ ಹೊಡೀಬೇಕು, ಹೆಂಗ ಓಡಬೇಕು ಎಲ್ಲಾ ಐತ್ರಿ. ಮುಂದ ಏನಾತು ಅಂತ ಹೇಳವರ ಇಲ್ಲ. ಸಿಸ್ಟರ್ ಬಾಯಿಯಿಂದನ ಹೇಳತಿದ್ರು. ನಮಗ ಬರಂಗಿಲ್ಲ ನೋಡ್ರಿ."

ಒಂದು ಆಟ ಸಾಯುವುದನ್ನು ನಾನು ಅಲ್ಲಿ ಕಣ್ಣಾರೆ ಕಂಡೆ. ನನ್ನ ಚೀಲದಲ್ಲಿದ್ದ ಸಿದ್ಧ ಕಥೆಯೊಂದನ್ನು ತೆಗೆದು ಮೆಡಿಕಲ್ ಅಂಗಡಿಯವರ ಕೈಗೇ ಕೊಟ್ಟೆ. ಎಲ್ಲಿ ಏನು ಹೇಳಬೇಕು, ಆಡುವವರು ಎಡಕ್ಕೆ ಹೋದರೆ ಏನು, ಬಲಕ್ಕೆ ಹೋದರೆ ಏನು, ಯಾವಾಗ ಸುಮ್ಮನಿರಬೇಕು ಎಂದು ಸಾಲು ಸಾಲಾಗಿ ಬರೆದದ್ದು. ಅವರು ತೊದಲುತ್ತ ಶುರುಮಾಡಿದರು. ಸಂಜೆ ಬಸ್ಸಿಗೆ ನಾನು ಎದ್ದಾಗ ಯಾರೂ ನನ್ನ ಕಡೆ ತಿರುಗಿ ನೋಡಲಿಲ್ಲ, ಆಟದೊಳಗಿದ್ದರು. ಬೇಕಾದ ಪುಸ್ತಕ ಇದೇ ಎಂದು ಖಚಿತವಾಯಿತು. ಅದರಲ್ಲಿ ಸರ್ ಬರೆಯಬೇಕಾದ ಚಿತ್ರ ಒಂದೂ ಇರಲಿಲ್ಲ.

ಮಾರನೆಯ ದಿನವೇ ಬಾಗೇವಾಡಿಗೆ ಹೋಗಿ ಹೇಳಿದೆ. ಸರ್ ನೆಲದ ಮೇಲೆ ಮಂಡಿಯೂರಿ, ಮೂಗು ಕಾಗದಕ್ಕೆ ತಾಗುವಷ್ಟು ಬಾಗಿ, ಗಟ್ಟಿ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದರು. ಪೆನ್ನು ಎತ್ತಲಿಲ್ಲ.

"ನಮ್ಮೂರ ಇನ್ನೂ ನೀವು ಆಡಿಸಿಲ್ರಿ ಬಾಯಾರ. ನಾಕೂ ಆಡಿಸಿ ಹೇಳತೇನಿ ಅಂದಿದ್ರಿ."

ಸರಿಯಾದ ಮಾತು. ಮುಗಿದ ಹಾಳೆಗಳನ್ನು ಸುತ್ತಿಕೊಂಡು ಸಿಂದಗಿಗೆ ತಂದೆ. ನನ್ನ ಸ್ಕ್ಯಾನರ್ ಚಿಕ್ಕದು. ದೊಡ್ಡ ಹಾಳೆಯನ್ನು ತುಂಡು ತುಂಡಾಗಿ ಇಟ್ಟು, ಒಂದರ ಅಂಚು ಇನ್ನೊಂದರ ಮೇಲೆ ಸ್ವಲ್ಪ ಬರುವಂತೆ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಗೆರೆಗೆ ಗೆರೆ ಕೂಡಿಸಬೇಕು. ಮೊದಲ ಹಾಳೆಗಳು ಹೂವಿನಂತೆ ಕೂತವು. ಅಗಸಿ ಎಂಬ ಊರಬಾಗಿಲು, ಅದರ ಒಳಗಿನ ಕಟ್ಟೆ, ಗುಡಿ, ಮಸೀದಿ, ಕುಂಬಾರರ ಮನೆಗಳು, ಹೊಳೆಗೆ ಇಳಿಯುವ ಮೆಟ್ಟಿಲು. ಆಮೇಲಿನ ಹಾಳೆಗಳು ಎಷ್ಟು ತಿಣುಕಿದರೂ ಕೂಡಲಿಲ್ಲ. ಸ್ಕ್ಯಾನರಿನ ದೋಷವೆಂದು ಎರಡು ಸಲ ಮತ್ತೆ ತೆಗೆದೆ. ಕೊನೆಗೆ ಮೂಲ ಹಾಳೆಯನ್ನೇ ಕಿಟಕಿಯ ಬೆಳಕಿಗೆ ಹಿಡಿದಾಗ ತಿಳಿಯಿತು. ಹೊಳೆಯ ಕಡೆಯ ಓಣಿಗಳನ್ನು ಅವರು ಎರಡೆರಡು ಸಲ ಬರೆದಿದ್ದರು. ಮೊದಲ ಗೆರೆ ಕಾಣದೆ ಅದರ ಪಕ್ಕದಲ್ಲೇ, ಕೆಲವು ಕಡೆ ಅದರ ಮೇಲೇ, ಇನ್ನೊಂದು ಗೋಡೆ ಎಳೆದಿದ್ದರು. ಬಾಗಿಲುಗಳಿಗೆ ಅಡ್ಡವಾಗಿ ಗೋಡೆಗಳಿದ್ದವು. ಅವರ ಸ್ವಂತ ಮನೆ ನಾಲ್ಕೈದು ಗೆರೆಗಳ ಕಪ್ಪು ಗಂಟಾಗಿತ್ತು.

ಹೇಗೆ ಹೇಳುವುದು? ತಿದ್ದಲು ನನಗೆ ಆ ಊರು ಗೊತ್ತಿಲ್ಲ. ಅಚ್ಚು ಮಾಡುವ ಹಾಗಿಲ್ಲ. ಅವರ ಮುಂದೆ ಬಾಯಿ ತೆರೆಯುವ ಧೈರ್ಯ ನನಗೆ ಬರುವ ಮುಂಚೆಯೇ ಕೊಲ್ಹಾರದಲ್ಲಿ ಆಡುವ ಭಾನುವಾರ ಬಂತು.

ಹೊಸ ಊರಿನಲ್ಲಿರುವ ಸರ್ ಅವರ ಅಕ್ಕನ ಮನೆಯ ಪಡಸಾಲೆ. ಆಡಲು ಕೂತವರು ಅಕ್ಕ, ಅವರ ನೆರೆಯ ನಿವೃತ್ತ ಬಸ್ ಕಂಡಕ್ಟರ್, ಮತ್ತು ಸರ್. ಸಾರಥಿ ನಾನು. ನಡುವೆ ನಕಾಶೆ ಹರಡಿದ್ದೆವು. ಸರ್ ಈ ಊರಿಗೆಂದೇ ಒಂದು ನೀರಿನ ನಿಯಮ ಮಾಡಿದ್ದರು: ಪ್ರತಿ ಸುತ್ತಿನ ಕೊನೆಗೆ ಸಾರಥಿ ಕವಡೆ ಹಾಕಬೇಕು, ಎಷ್ಟು ಬಾಯಿ ಮೇಲಾಗುತ್ತವೋ ಅಷ್ಟು ಮೆಟ್ಟಿಲು ಹೊಳೆ ಏರುತ್ತದೆ. ಆರೂ ಒಟ್ಟಿಗೆ ಬಾಯಿ ಮೇಲಾದರೆ ಊರು ಮುಳುಗಿ ಆಟ ಮುಗಿಯಿತು. ಅಷ್ಟರೊಳಗೆ ಹುಡೇವಿನ ನಿಧಿ ತೆಗೆದುಕೊಂಡು ಹೊರಬೀಳಬೇಕು. ಒಳ್ಳೆಯ ಕಥೆಯೆಂದೇ ನಾನು ಅಂದುಕೊಂಡಿದ್ದೆ.

ರೂಢಿಯಂತೆ ಮೊದಲು ಅಕ್ಕನನ್ನು ಕೇಳಿದೆ. "ನೀವು ಯಾರ್ರಿ? ಎಲ್ಲಿಂದ ಬಂದ್ರಿ?"

"ಎಲ್ಲಿಂದ ಬರಲೆ ಯವ್ವಾ? ಇದ ಊರಾಕಿ ನಾ. ಇಲ್ಲೇ ಅದೇನಿ," ಎಂದರು ಅಕ್ಕ. ವೇಷದ ಹಾಳೆಯನ್ನು ಕಣ್ಣೆತ್ತಿಯೂ ನೋಡಲಿಲ್ಲ.

ಕಂಡಕ್ಟರ್ ಕೂಡ ತಮ್ಮ ಹೆಸರನ್ನೇ ಹೇಳಿದರು. ನಿಧಿಯ ಸುದ್ದಿ ಯಾರೂ ಎತ್ತಲಿಲ್ಲ. ಕಂಡಕ್ಟರ್ ಅಗಸಿಯೊಳಗೆ ಬಂದು ಕಟ್ಟೆಯ ಮೇಲೆ ಕೂತರು. ಏನು ಮಾಡುತ್ತೀರಿ ಎಂದೆ. "ಏನಿಲ್ರಿ, ಕುಂತೇನಿ," ಎಂದರು. ಇನ್ನೊಂದು ಸುತ್ತು ಬಂದಾಗಲೂ ಕೂತೇ ಇದ್ದರು. ಅಕ್ಕ ಕುಂಬಾರರ ಮನೆಗೆ ಹೋಗಿ ಮೊಸರು ಹೆಪ್ಪು ಹಾಕಲು ಗಡಿಗೆ ಆರಿಸಿದರು, ಬೆರಳಿನಿಂದ ಬಾರಿಸಿ ಬಿರುಕಿದೆಯೇ ಎಂದು ನೋಡಿದರು. ಕವಡೆ ಹಾಕುತ್ತ ಹೋದೆ, ನೀರು ಏರುತ್ತ ಬಂತು. ಈಗ ಹೊರಡಬೇಕು ಎಂದು ಸಾರಥಿಯಾಗಿ ಎಚ್ಚರಿಸಿದೆ.

"ಒಮ್ಮೆ ಹೊಂಟಿದ್ದ ಸಾಕಾಗೇತಿ," ಎಂದರು ಅಕ್ಕ. "ಈ ಸಲ ನಾ ಮನಿಗೆ ಹೋಗತೇನಿ."

ಹಾಗೆಂದು ನಕಾಶೆಯ ಮೇಲೆ ಬೆರಳಿಟ್ಟು ಕುಂಬಾರರ ಓಣಿಯಿಂದ ಹೊಳೆಯ ಕಡೆಗೆ ಸರಿಸಿದರು. ಬೆರಳು ನಿಂತಿತು. ಮತ್ತೆ ಹಿಂದೆ ಬಂದು ಇನ್ನೊಂದು ಕಡೆಯಿಂದ ಹೋಯಿತು, ಅಲ್ಲೂ ನಿಂತಿತು.

"ತಮ್ಮಾ, ನಮ್ಮ ಮನಿಗೆ ಹಾದೀನ ಇಲ್ಲಲ್ಲೋ. ಎಲ್ಲಾ ಕಡೆ ಗೋಡಿ ಹಾಕೀಯಲ್ಲ."

"ಯಾವ ಗೋಡಿ?" ಎಂದರು ಸರ್.

ಅಕ್ಕ ನನ್ನ ಮುಖ ನೋಡಿದರು. ಕಂಡಕ್ಟರ್ ನೆಲ ನೋಡಿದರು. ಸರ್ ನಕಾಶೆಯ ಮೇಲೆ ಬಾಗಿ, ಎಡಗಣ್ಣನ್ನು ಕಾಗದಕ್ಕೆ ಒತ್ತಿ ಗೆರೆಯ ಮೇಲೆ ಗೆರೆ ಹುಡುಕಿದರು. ತಲೆಯೆತ್ತಿದಾಗ ಮೂಗಿನ ತುದಿ ಕಾಗದಕ್ಕೆ ಒತ್ತಿ ಕೆಂಪಾಗಿತ್ತು. "ನಿಮಗ ಗೊತ್ತಿತ್ತೇನ್ರಿ ಬಾಯಾರ?" ಎಂದು ಕೇಳಿದರು. ಹೌದೆಂದೆ. ನಕಾಶೆ ಅಚ್ಚಾಗುವುದಿಲ್ಲ, ಕಥೆಗಳ ಪುಸ್ತಕವೇ ಆಗಬೇಕು ಎಂಬುದನ್ನೂ ಅಲ್ಲೇ ಹೇಳಿದೆ. ಸುತ್ತಿ ಹೇಳಲು ನನಗೆ ಬರುವುದಿಲ್ಲ. ಅವರು ಎದ್ದು ಗೋಡೆ ಹಿಡಿದುಕೊಂಡು ಹೊರಗೆ ಹೋದರು, ಚಪ್ಪಲಿ ಬದಲಾದದ್ದೂ ಅವರಿಗೆ ತಿಳಿಯಲಿಲ್ಲ.

ಆಮೇಲೆ ಕೆಲವು ವಾರ ಅವರಿಂದ ಸುದ್ದಿಯಿಲ್ಲ. ಚಾಚಾ ಫೋನ್ ಮಾಡಿ ದೆವ್ವಗಳ ಪುಸ್ತಕವನ್ನಾದರೂ ಮುಗಿಸು ಎಂದು ಒಂದೇ ಸಮನೆ ತಲೆ ತಿಂದರು. ನಾನು ಹಲ್ಲು ಕಚ್ಚಿ ಕಥೆಗಳನ್ನೇ ಬರೆಯುತ್ತಿದ್ದೆ. ಮೂರು ಕಥೆ ಮುಗಿದವು, ನಾಲ್ಕನೆಯದು ಮೇಲೇಳಲಿಲ್ಲ. ಕೊಲ್ಹಾರದ ಆ ಮಧ್ಯಾಹ್ನ ತಲೆಯಿಂದ ಇಳಿಯುತ್ತಿರಲಿಲ್ಲ. ಅಕ್ಕ ಗಡಿಗೆ ಬಾರಿಸಿ ನೋಡಿದ್ದು, ಕಂಡಕ್ಟರ್ ಸುಮ್ಮನೆ ಕೂತದ್ದು. ನಾನು ನಡೆಸಿದ ಯಾವ ಆಟದಲ್ಲೂ ಜನ ಹಾಗೆ ಒಳಗೆ ಹೋದದ್ದನ್ನು ನೋಡಿರಲಿಲ್ಲ.

ಮೊದಲ ಮಳೆ ಬಿದ್ದ ವಾರ ಸರ್ ಅಂಗಡಿಗೆ ಬಂದರು. ಅಕ್ಕ ಕೈ ಹಿಡಿದು ಕರೆತಂದಿದ್ದರು, ಇನ್ನೊಂದು ಕೈಯಲ್ಲಿ ಮೊಸರಿನ ಗಡಿಗೆ. ಎಡಗಣ್ಣೂ ಮುಗಿದಿತ್ತು. ಬೆಳಕು ಯಾವ ಕಡೆ ಇದೆ ಎಂಬುದಷ್ಟೇ ತಿಳಿಯುತ್ತಿತ್ತು.

"ನಕಾಶಿ ಬ್ಯಾಡ್ರಿ," ಎಂದರು ಕೂರುತ್ತಲೇ. "ನಾ ಹೇಳತೇನಿ, ನೀವು ಬರಕೋರಿ. ಅಗಸಿಯಿಂದ ಒಳಗ ಬಂದ್ರ ಎಡಕ್ಕ ಏನೈತಿ, ಬಲಕ್ಕ ಏನೈತಿ. ನಿಮ್ಮ ಮುದ್ದೇಬಿಹಾಳದ ಮೆಡಿಕಲ್ ಅಂಗಡಿಯವ್ರು ಓದಿ ಹೇಳೂ ಹಂಗ."

ನಾಲ್ಕನೆಯ ಕಥೆ ಹೀಗೆ ಸಿಕ್ಕಿತು. ಅವರು ಹೇಳಿದರು, ನಾನು ನೇರವಾಗಿ ಟೈಪ್ ಮಾಡಿದೆ, ತಪ್ಪಿದಲ್ಲಿ ಅಕ್ಕ ಜಗಳ ತೆಗೆದು ತಿದ್ದಿದರು. ಬೇವಿನ ಗಿಡ ಬಾವಿಯ ಈಚೆಗೋ ಆಚೆಗೋ ಎಂದು ಒಂದಿಡೀ ಬೆಳಗು ಹೋಯಿತು. ನಿಧಿಯನ್ನು ತೆಗೆದುಹಾಕಿದೆವು. ಆಡುವವರು ಊರೊಳಗೆ ಹೋಗಿ ತಮಗೆ ಬೇಕಾದ ಒಂದು ಕೆಲಸ ಮುಗಿಸಬೇಕು, ಅಷ್ಟೇ. ನೀರಿನ ನಿಯಮಕ್ಕೆ ಬಂದಾಗ ಮಾತ್ರ ನಮ್ಮಿಬ್ಬರಿಗೆ ಜಟಾಪಟಿಯಾಯಿತು. ಒಂದೂ ಕವಡೆ ಬಾಯಿ ಮೇಲಾಗದಿದ್ದರೆ ಹೊಳೆ ಹಿಂದೆ ಸರಿಯಲಿ, ಊರು ಉಳಿಯುವ ದಾರಿಯೊಂದು ಇರಲಿ ಎಂದೆ. ಆಡುವವರಿಗೆ ಆಸೆ ಬೇಡವೇ?

"ಬ್ಯಾಡ. ನೀರು ಬರಬೇಕ್ರಿ," ಎಂದರು ಸರ್. "ಬರಲಿಲ್ಲಂದ್ರ ಅದು ನಮ್ಮೂರಲ್ಲ. ಯಾರ ಊರೋ."

ನಾನು ಸೋತೆ. ನೀರು ಹಿಂದೆ ಸರಿಯದ ನಿಯಮವೇ ಅಚ್ಚಿಗೆ ಹೋಯಿತು. ಪ್ರೂಫನ್ನು ನಾನು ಗಟ್ಟಿಯಾಗಿ ಓದಿದೆ, ಅವರು ಗಲ್ಲಕ್ಕೆ ಕೈಯಿಟ್ಟುಕೊಂಡು ಕೇಳಿದರು. ಪುಸ್ತಕ ಬಿಜಾಪುರದ ಪ್ರೆಸ್ಸಿನಿಂದ ಬಂದಾಗ ಚಾಚಾ ಒಂದೂ ಚಿತ್ರವಿಲ್ಲದ ಪುಟಗಳನ್ನು ತಿರುವಿ ನಿಟ್ಟುಸಿರು ಬಿಟ್ಟರು. ಆದರೆ ಮುದ್ದೇಬಿಹಾಳದಲ್ಲಿ ಆಟ ಮತ್ತೆ ನಡೆಯಿತು. ಆಡುವವರು ಪ್ರತಿ ಸಲ ಮುಳುಗುತ್ತಿದ್ದರಂತೆ, ಮುಂದಿನ ಭಾನುವಾರ ಮತ್ತೆ ಬರುತ್ತಿದ್ದರಂತೆ.

ಮೊದಲ ಪ್ರತಿಯನ್ನು ಕೊಲ್ಹಾರಕ್ಕೆ ನಾನೇ ಒಯ್ದೆ. ಸರ್ ಅದನ್ನು ಮೂಸಿದರು, ಹಾಳೆಗಳ ಮೇಲೆ ಕೈಯಾಡಿಸಿ ಪಕ್ಕಕ್ಕಿಟ್ಟರು. ರಾಜೀನಾಮೆ ಕೊಟ್ಟು ಅಕ್ಕನ ಮನೆಯಲ್ಲೇ ಇದ್ದರು. ಗಡ್ಡ ಬೆಳೆದಿತ್ತು. ದಿನವಿಡೀ ಒಂದೇ ಕಂಬಕ್ಕೆ ಒರಗಿ ಕೂತಿರುತ್ತಾನೆ, ಕರೆದರೂ ಓ ಅನ್ನುವುದಿಲ್ಲ ಎಂದು ಅಕ್ಕ ಒಳಗೆ ಕರೆದು ಹೇಳಿದ್ದರು. ಆಡೋಣವೇ ಎಂದು ಕೇಳಿದೆ. ಸರ್ ತಲೆಯಾಡಿಸಿದರು. ಅಕ್ಕ ಕವಡೆ ತಂದರು. ಮೂವರೇ ಇದ್ದೆವು.

"ನೀವು ಯಾರ್ರಿ? ಎಲ್ಲಿಂದ ಬಂದ್ರಿ?"

"ಡ್ರಾಯಿಂಗ್ ಮಾಸ್ತರ," ಎಂದರು ಸರ್. "ಕಣ್ಣು ಚೊಲೊ ಅದಾವು. ಊರ ನೋಡಾಕ ಬಂದೇನಿ."

ಅಗಸಿಯಿಂದ ಒಳಗೆ ಬಂದರು. ಪುಸ್ತಕದಲ್ಲಿ ಬರೆಸಿದ್ದನ್ನು ಹೇಳುತ್ತಾರೆಂದುಕೊಂಡಿದ್ದೆ. ಅದಲ್ಲ. ಅವರು ಬಣ್ಣ ಹೇಳತೊಡಗಿದರು. ಯಾವ ಬಾಗಿಲಿಗೆ ಯಾವ ಹಸಿರು, ಮಸೀದಿಯ ಸುಣ್ಣದ ಮೇಲೆ ಸಂಜೆಯಾದರೆ ಬೀಳುವ ಕೆಂಪು, ಕುಂಬಾರರ ಅಂಗಳದಲ್ಲಿ ಒಣಗುವ ಹಸಿ ಗಡಿಗೆಯ ಬೂದಿ. ಅಷ್ಟು ತಿಂಗಳಲ್ಲಿ ಅವರು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಮುಖ ಎತ್ತಿಕೊಂಡು, ಕತ್ತನ್ನು ನಿಜವಾಗಿ ಅತ್ತಿತ್ತ ತಿರುಗಿಸುತ್ತ ಹೋದರು. ಹೊಳೆಯ ಕಡೆಯ ಓಣಿಗೆ ತಿರುಗಿದರು. ಅವರ ಮನೆಗೆ ಇನ್ನು ನಾಲ್ಕು ಬಾಗಿಲು. ಅಲ್ಲಿಗೆ ಸುತ್ತು ಮುಗಿಯಿತು, ಕವಡೆ ಹಾಕುವ ಸರದಿ ನನ್ನದು.

ಕವಡೆಗಳನ್ನು ಮುಷ್ಟಿಯಲ್ಲೇ ಹಿಡಿದುಕೊಂಡೆ.

"ಹಾಕ್ರಿ ಬಾಯಾರ. ನಿಯಮ ನಿಯಮನ," ಎಂದರು.

ಹಾಕಿದೆ. ಆರೂ ಕವಡೆ ಬಾಯಿ ತೆರೆದುಕೊಂಡು ಬಿದ್ದವು.

"ಎಷ್ಟ ಬಿದ್ವು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ, ನಿಜ ಹೇಳಲೂ ಬರಲಿಲ್ಲ. ಎದುರಿಗೆ ಕೂತಿದ್ದ ಅಕ್ಕ ಸೆರಗನ್ನು ಭುಜದ ಮೇಲೆ ಎಳೆದುಕೊಂಡು ಮುಂದೆ ಬಾಗಿದರು. ತಮ್ಮನ ಮುಖದ ಮೇಲಿಂದ ಕಣ್ಣು ತೆಗೆಯದೆ, ಒಂದೇ ಬೆರಳಿನಿಂದ, ಸದ್ದಾಗದಂತೆ, ಐದು ಕವಡೆಗಳನ್ನು ಒಂದೊಂದಾಗಿ ಬೋರಲು ಹಾಕಿದರು.

"ಒಂದ್ರಿ ಸರ್," ಎಂದೆ.

"ಒಂದ? ಹಂಗಾದ್ರ ಇನ್ನಾ ಹೊತ್ತೈತಿ," ಎಂದು ಸರ್ ಮುಂದಿನ ಬಾಗಿಲಿನ ಬಣ್ಣ ಹೇಳತೊಡಗಿದರು.